ಜೋಡಿ ಕುದುರೆಯ ಪೈಸೆ

ಲಕ್ಷ್ಮಯ್ಯನವರು ಕೆಂಪು ಮಖಮಲ್ಲಿನ ಬಟ್ಟೆ ಎತ್ತಿದರು. ಕೆಳಗಿದ್ದ ಗಾಜಿನ ಡಬ್ಬಿ ಖಾಲಿ.

ಸುತ್ತ ನಿಂತಿದ್ದವರು ಮೊದಲು ನಕ್ಕರು. ಯಜಮಾನರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. ಲಕ್ಷ್ಮಯ್ಯ ಬಟ್ಟೆಯನ್ನು ಕೊಡವಿದರು. ಮೇಜಿನ ಕೆಳಗೆ ಬಗ್ಗಿದರು. ಎದ್ದಾಗ ಮುಖ ಬಿಳಿಚಿಕೊಂಡಿತ್ತು.

"ಪೈಸೆ ಇಲ್ಲ," ಅಂದರು.

ಟಿ. ದಾಸರಹಳ್ಳಿಯ ಆ ಮಹಡಿ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ನಾಣ್ಯ ಸಂಗ್ರಾಹಕರ ಕೂಟ ಸೇರುತ್ತಿತ್ತು. ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು, ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬಿಬ್ಬರು ಅಂಗಡಿಯವರು. ಮನೆ ಲಕ್ಷ್ಮಯ್ಯನವರದು. ಉಪ್ಪಿಟ್ಟು ಕಾಫಿಯೂ ಅವರದೇ. ಅವರ ಅಪ್ಪ ರಾಗಿ ಬೆಳೆದ ನೆಲದಲ್ಲಿ ಈಗ ಸಾಲು ಬಾಡಿಗೆ ರೂಮುಗಳು. ಆಚೆ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಕೂಟದ ಅಧ್ಯಕ್ಷಗಿರಿಯೂ ಲಕ್ಷ್ಮಯ್ಯನವರದೇ, ಮತ್ತು ಅದು ಬಂದದ್ದು ಆ ಒಂದು ಪೈಸೆಯಿಂದ.

ಅದು 1953ರ ಕುದುರೆ ಪೈಸೆ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಕುದುರೆ. ಕುದುರೆಯ ಕಡೆ ಅಕ್ಷರ, ಅಂಕಿ, ಕುದುರೆಯ ಕಾಲು, ಎಲ್ಲವೂ ಎರಡೆರಡಾಗಿ ಕಾಣುತ್ತಿದ್ದವು. ಇದು 'ಡಬಲ್ ಡೈ' ಅಂತ ಲಕ್ಷ್ಮಯ್ಯ ಹೇಳುತ್ತಿದ್ದರು. ಟಂಕಸಾಲೆಯಲ್ಲಿ ಡೈ, ಅಂದರೆ ನಾಣ್ಯದ ಅಚ್ಚು, ಮಾಡುವಾಗಲೇ ಆದ ತಪ್ಪು. ಸಾವಿರ ಜನ ಹುಡುಕಿದರೆ ಒಬ್ಬರಿಗೆ ಸಿಗುವಂಥದ್ದು. ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತು ಅನ್ನುತ್ತಿದ್ದರು. ಗಾಜಿನ ಹೊರಗಿಂದ ತೋರಿಸುತ್ತಿದ್ದರೇ ಹೊರತು ಯಾರ ಕೈಗೂ ಕೊಡುತ್ತಿರಲಿಲ್ಲ. ಇವತ್ತು ಮೊದಲ ಸಲ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದೊಡ್ಡ ಪ್ರದರ್ಶನಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು.

ಸೂಕ್ಷ್ಮದರ್ಶಕ ತಂದಿದ್ದವರು ಕಾರ್ಯದರ್ಶಿ ಪರಮಾನಂದ. ಪೀಣ್ಯ ಎರಡನೇ ಹಂತದಲ್ಲಿ ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುವ ಟೂಲ್ ರೂಮ್ ಇಟ್ಟುಕೊಂಡಿದ್ದವರು. ಅವರು ಆಗಲೇ ಮೊಬೈಲ್ ಕಿವಿಗಿಟ್ಟಿದ್ದರು.

"ಯಾರಿಗೆ ಫೋನು?" ಅಂದರು ಲಕ್ಷ್ಮಯ್ಯ.

"ಸ್ಟೇಷನ್ನಿಗೆ."

"ಪೊಲೀಸು ಯಾಕೆ ಬುಡಿ ಸಾರ್. ಓಗಿದ್ದು ಓಯ್ತು. ಉಪ್ಪಿಟ್ಟು ತಣ್ಣಗಾಯ್ತದೆ, ಬನ್ನಿ."

"ನಿಮ್ಮದು ದೊಡ್ಡ ಮನಸ್ಸು," ಅಂದರು ಪರಮಾನಂದ. "ನಮ್ಮದು ಅಷ್ಟು ದೊಡ್ಡದಲ್ಲ. ಹಲೋ, ಸ್ಟೇಷನ್ನಾ?"

* * *

ಸಬ್‌ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಬಂದದ್ದು ಪೇದೆ ಸೋಮಪ್ಪನ ಜೊತೆ. ವಿಜಯಪುರದ ಕಡೆಯ ಹೆಣ್ಣುಮಗಳು. ಬೆಂಗಳೂರಿಗೆ ಬಂದ ಮೇಲೆ ಮಾತಿನಿಂದ ಊರನ್ನು ಒರೆಸಿ ಹಾಕಿದ್ದಳು. ಅಲ್ಲಿಯ ಮಾತಾಡಿದರೆ ಸ್ಟೇಷನ್ನಿನಲ್ಲಿ ನಗುತ್ತಿದ್ದರು.

"ಬಾಗಿಲು ಮುರಿದಿದೆಯಾ?"

"ಇಲ್ಲ ಮೇಡಂ," ಅಂದರು ಪರಮಾನಂದ.

"ಡಬ್ಬಿಗೆ ಬೀಗ?"

"ಇಲ್ಲ. ಬಟ್ಟೆ ಮುಚ್ಚಿರ್ತಿತ್ತು ಅಷ್ಟೆ."

"ಕೊನೆಗೆ ನೋಡಿದ್ದು ಯಾರು?"

"ನಾನೇ," ಅಂದರು ಲಕ್ಷ್ಮಯ್ಯ. "ಬೆಳಿಗ್ಗೆ ದೀಪ ಅಚ್ಚಿದ ಮ್ಯಾಲೆ ನೋಡ್ದೆ. ಇತ್ತು."

ಭಾಗ್ಯಶ್ರೀ ಮೇಜಿನ ಸುತ್ತ ಒಮ್ಮೆ ನಡೆದಳು. ಖಾಲಿ ಡಬ್ಬಿಯ ಪಕ್ಕ ಒಂದು ಟ್ರೇ. ಅದರ ಗುಳಿಗಳಲ್ಲಿ ಸಾಮಾನ್ಯ ಕುದುರೆ ಪೈಸೆಗಳು, ಒಂದೊಂದೂ ಹದವಾಗಿ ಕೂತಿದ್ದವು. ಕುದುರೆಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿದ್ದವು. ಕೊನೇ ಸಾಲಿನಲ್ಲಿ ಒಂದು ಮಾತ್ರ ಸಿಂಹದ ಮುಖ ಮೇಲೆ ಮಾಡಿಕೊಂಡಿತ್ತು. ಅವಳು ನೋಡಿದಳು, ಮುಂದೆ ಹೋದಳು.

"ಈ ಮೇಜಿನ ಹತ್ರ ಒಬ್ಬರೇ ನಿಂತಿದ್ದವರು ಯಾರಾದ್ರೂ ಇದ್ದಾರಾ?"

ಎಲ್ಲರ ಕಣ್ಣುಗಳು ಮುನಿಯಣ್ಣನ ಕಡೆ ತಿರುಗಿದವು. ಜಾಲಹಳ್ಳಿ ಕ್ರಾಸಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮುನಿಯಣ್ಣ, ಕೂಟದಲ್ಲಿ ಲಕ್ಷ್ಮಯ್ಯನವರಿಗೆ ಸರಿಗಟ್ಟಿ ನಿಲ್ಲಬೇಕೆಂದು ಹೆಣಗುತ್ತಿದ್ದ ಮನುಷ್ಯ.

"ಜೇಬಲ್ಲಿ ಏನಿದೆ ತೋರಿಸಿ," ಅಂದಳು ಭಾಗ್ಯಶ್ರೀ.

ಮುನಿಯಣ್ಣ ಕರವಸ್ತ್ರ ತೆಗೆದರು. ಬೀಗದ ಕೈ ತೆಗೆದರು. ಆಮೇಲೆ, ಬೇಡದ ಮನಸ್ಸಿನಿಂದ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಕುದುರೆ ಪೈಸೆ ತೆಗೆದರು.

ಹಾಲಿನಲ್ಲಿ ಗುಜುಗುಜು ಎದ್ದಿತು.

"ನಂದು ಮೇಡಂ! ಚಿಕ್ಕಪೇಟೇಲಿ ತಗೊಂಡಿದ್ದು. ಇಸವಿ ನೋಡಿ, ಐವತ್ತೊಂದು. ಇವರದು ಐವತ್ತಮೂರು."

"ಜೇಬಲ್ಲಿ ಯಾಕಿತ್ತು?"

ಮುನಿಯಣ್ಣ ನೆಲ ನೋಡಿದರು. "ಇವತ್ತು ಅವರದನ್ನ ಎಲ್ಲಾರೂ ಹೊಗಳ್ತಾರಲ್ಲ, ಅದೇ ಟೈಮಿಗೆ ನಂದೂ ಒಂದು ಡಬಲ್ ಡೈ ಐತೆ ಅಂತ ಮುಂದೆ ಇಡನ ಅಂತಿದ್ದೆ."

ಪರಮಾನಂದ ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದರು, ವಾಪಸ್ ಕೊಟ್ಟರು. "ಡಬಲ್ ಡೈ ಅಲ್ಲ ಗುರು. ಇದು ಸವೆದ ಡೈ. ಲಕ್ಷಗಟ್ಟಲೆ ಹೊಡೆದು ಡೈನ ಅಂಚು ಕರಗಿ ಹೋಗಿರುತ್ತೆ. ಆಮೇಲೆ ಬರೋ ನಾಣ್ಯದಲ್ಲಿ ಅಕ್ಷರದ ಪಕ್ಕ ಮಂಜು ಕವಿದಂಗೆ ನೆರಳು. ನೋಡಿ, ಅಂಚೇ ಇಲ್ಲ, ಎಲ್ಲ ಉಬ್ಬಿಕೊಂಡು ಕಲಸಿಹೋಗಿದೆ. ಹೋದ ತಿಂಗಳು ಇಲ್ಲೇ ನಿಂತು ಇದನ್ನೇ ತಾನೇ ಹೇಳಿದ್ದು? ಜೋಡಿ ಕಾಣೋದಕ್ಕೆ ಮೂರು ಕಾರಣ ಅಂತ? ನೀವು ಗೊರಕೆ ಹೊಡೀತಿದ್ರಿ."

ಜನ ನಕ್ಕರು. ಮುನಿಯಣ್ಣನ ಕಿವಿ ಕೆಂಪಾದವು. ತನ್ನ ಮೇಲಿದ್ದ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಿದರೆ ಸಾಕಾಗಿತ್ತು ಅವರಿಗೆ.

"ನನ್ನ ಜೇಬು ನೋಡಿದ್ದಾಯ್ತು. ಬೆಳಿಗ್ಗೆ ಈ ಹಾಲು ಗುಡಿಸಿದ್ದು ಯಾರು, ಅದನ್ನ ಕೇಳಿ ಮೇಡಂ."

"ಯಾರು?"

ಲಕ್ಷ್ಮಯ್ಯನವರ ಹೆಂಡತಿ ಕೃಷ್ಣಮ್ಮ ಬಾಗಿಲಲ್ಲಿ ನಿಂತಿದ್ದರು. "ಮಾದೇವಿ," ಅಂದರು. "ಕೆಳಗಿನ ರೂಮಿನೋಳು. ಪಾಪ, ಅಂಥೋಳಲ್ಲ ಕಣಮ್ಮ."

"ಓಗ್ಲಿ ಬುಡಿ," ಅಂದರು ಲಕ್ಷ್ಮಯ್ಯ ಇನ್ನೊಮ್ಮೆ. ಅವರ ದನಿ ಈ ಸಲ ಯಾರಿಗೂ ಕೇಳಿಸಲಿಲ್ಲ.

* * *

ಮಹಾದೇವಿ ವಾರವಿಡೀ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ವಾಷರ್ ಹೊಡೆಯುವವಳು. ಭಾನುವಾರ ಮಾಲೀಕರ ಹಾಲು ಗುಡಿಸುವುದು ಬಾಡಿಗೆಯ ಜೊತೆಗೇ ಬಂದ ಕೆಲಸ. ಪೊಲೀಸರು ಹೋದಾಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈತುಂಬ ಜೋಳದ ಹಿಟ್ಟು.

"ರೂಮು ನೋಡಬೇಕು," ಅಂದಳು ಭಾಗ್ಯಶ್ರೀ.

"ನೋಡ್ರಿ," ಅಂದಳು ಮಹಾದೇವಿ. ಅವಳಿಗೆ ಹೆದರಿಕೆ ಇರಲಿಲ್ಲ.

ಒಂದೇ ರೂಮು. ಟ್ರಂಕು, ಹಾಸಿಗೆ ಸುರುಳಿ, ಗ್ಯಾಸ್ ಒಲೆ. ಮೂಲೆಯಲ್ಲಿ ದೇವರ ಜಗಲಿ. ಜಗಲಿಯ ಮೇಲೆ ಬನಶಂಕರಿಯ ಫೋಟೊ, ಅದರ ಮುಂದೆ ನೀರು ತುಂಬಿದ ತಂಬಿಗೆ, ಬಾಯಲ್ಲಿ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಕಲಶ.

ಸೋಮಪ್ಪ ಬೂಟು ಹಾಕಿಕೊಂಡೇ ಒಳಗೆ ನುಗ್ಗಿದ. "ಸಾಹೇಬ್ರ, ಬೂಟು," ಅಂದಳು ಮಹಾದೇವಿ. ಅವನು ಆಗಲೇ ಟ್ರಂಕು ಬೋರಲು ಹಾಕಿದ್ದ. ಹಾಸಿಗೆ ಬಿಚ್ಚಿದ. ಆಮೇಲೆ ಜಗಲಿಯ ಕಡೆ ತಿರುಗಿದ.

ಭಾಗ್ಯಶ್ರೀ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ತಾಯಿಯ ಮನೆಯಲ್ಲೂ ಇಂಥದೇ ಜಗಲಿ, ಇಂಥದೇ ತಂಬಿಗೆ. ಅದನ್ನು ಮುಟ್ಟಬೇಕಾದರೆ ಅವಳ ತಾಯಿ ಮಿಂದು ಬರುತ್ತಿದ್ದಳು. 'ತಡಿ ಸೋಮಪ್ಪ' ಎಂಬ ಮಾತು ಬಾಯಿಗೆ ಬಂತು. ಹಿಂದೆ ಇಡೀ ಕೂಟ ನಿಂತಿತ್ತು. ತಮ್ಮ ಕಡೆಯವಳು ಅಂತ ಬಿಟ್ಟುಬಿಟ್ಟಳು ಅನ್ನುತ್ತಾರೆ ಅನ್ನಿಸಿತು. ಮಾತನ್ನು ನುಂಗಿಕೊಂಡಳು.

ಸೋಮಪ್ಪ ತಂಬಿಗೆ ಬಗ್ಗಿಸಿದ. ಕಾಯಿ ಉರುಳಿತು. ಎಲೆ ನೆಲಕ್ಕೆ ಬಿತ್ತು. ನೀರು ಹರಿದು ಭಾಗ್ಯಶ್ರೀಯ ಬೂಟಿನ ತನಕ ಬಂತು. ನೀರಿನ ಹಿಂದೆ ಟಣ್ ಅಂತ ಒಂದು ಸದ್ದು.

ಕುದುರೆ ಪೈಸೆ. 1953. ಅಂಕಿಗಳು ಎರಡೆರಡು.

"ಸಿಕ್ತು ಮೇಡಂ!" ಅಂದ ಸೋಮಪ್ಪ.

ಮಹಾದೇವಿ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಅವಳು ನೋಡುತ್ತಿದ್ದದ್ದು ಪೈಸೆಯನ್ನಲ್ಲ, ನೆಲದ ಮೇಲಿದ್ದ ನೀರನ್ನು.

ಲಕ್ಷ್ಮಯ್ಯನವರನ್ನು ಕರೆದರು. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಪೈಸೆಯ ಮೇಲೆ ಹಿಡಿದರು. ನೋಡಿದರು. ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ನೋಡುತ್ತಲೇ ಇದ್ದರು. ಹಣೆಯ ಮೇಲೆ ಬೆವರು ಮೂಡಿತು.

"ಏನು ಯಜಮಾನ್ರೇ?" ಅಂದಳು ಭಾಗ್ಯಶ್ರೀ.

"ನಂದೇ," ಅಂದರು ಲಕ್ಷ್ಮಯ್ಯ.

ಮುನಿಯಣ್ಣ ಇಣುಕಿದರು. "ನಿಮ್ದು ಕಂದು ಬಣ್ಣ ಇತ್ತಲ್ವಾ? ಇದು ಫಳಫಳ ಅಂತೈತೆ."

"ಉಣಸೆಹಣ್ಣು ಆಕಿ ತಿಕ್ಕವ್ಳೆ. ಕಾಣಲ್ವಾ?"

"ತಿಕ್ಕೀನ್ರಿ," ಅಂದಳು ಮಹಾದೇವಿ. "ಪ್ರತಿ ಅಮಾಸಿಗೆ ತಿಕ್ತೀನಿ. ದೇವರ ಪೈಸೆ ಅದು, ನಮ್ಮತ್ತಿದು. ಮಾಲಕರ, ಜೋಡಿ ಇದ್ದೂವಲ್ರಿ? ಒಂದು ನೀವಽ ಕೇಳಿ ಒಯ್ದೀರಿ. ಉಳದದ್ದು ಇದು. ಮರತ್ರೇನು?"

"ಯಾವ ಜೋಡಿ? ನಿನ್ನತ್ರ ನಾನ್ಯಾಕಮ್ಮ ಇಸ್ಕೊಳ್ಳನ?"

ಮಹಾದೇವಿ ಅವರ ಮುಖವನ್ನೇ ನೋಡಿದಳು. ಅವರು ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ಆಗ ಅವಳಿಗೆ ಹೆದರಿಕೆ ಹುಟ್ಟಿತು.

"ಮೇಡಂ, ನಮ್ಮವರು ಊಟಕ್ಕ ಬರ್ತಾರ್ರಿ. ವರ್ತೂರಾಗ ಬಿಲ್ಡಿಂಗ್ ಕೆಲಸ, ಆಯ್ತವಾರ ಒಂದಽ ದಿನ ಬರ್ತಾರ. ಅವರು ಬರೂದ್ರಾಗ ನನ್ನ ಜೀಪಿನ್ಯಾಗ ಕುಂದ್ರಸಬ್ಯಾಡ್ರಿ. ಕೇಸ್ ಆತಂದ್ರ ಪ್ರೆಸ್ ಶಾಪಿನವರು ಗೇಟಿನ್ಯಾಗ ಬಿಡೂದಿಲ್ಲ. ರೂಮೂ ಹೋಗ್ತದ. ನನ್ನ ಹೆಸರು ಹೋಗ್ತದ್ರಿ."

ಸಾಲು ರೂಮುಗಳ ಬಾಗಿಲುಗಳೆಲ್ಲ ತೆರೆದಿದ್ದವು. ಪ್ರತಿ ಬಾಗಿಲಲ್ಲೂ ಜನ.

* * *

ವಶಪಡಿಸಿಕೊಂಡ ವಸ್ತುವನ್ನು ಪಂಚರ, ಅಂದರೆ ಸಾಕ್ಷಿಗಳ, ಎದುರಿಗೇ ಮೊಹರು ಮಾಡಬೇಕು. ಲಕ್ಷ್ಮಯ್ಯನವರ ಜಗುಲಿಯ ಮೇಲೆ ಸೋಮಪ್ಪ ಮೇಣದ ಬತ್ತಿ ಹಚ್ಚಿದ. ಮಹಾದೇವಿಯನ್ನು ಮೆಟ್ಟಿಲ ಮೇಲೆ ಕೂರಿಸಿದ್ದರು. ಅವಳ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

ಪಂಚರಲ್ಲಿ ಒಬ್ಬರು ಪರಮಾನಂದ. ಚೀಲಕ್ಕೆ ಹಾಕುವ ಮುಂಚೆ ಅವರು ಪೈಸೆಯನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡಿ ಹುಬ್ಬೇರಿಸಿದರು.

"ಸಕ್ಕತ್! ಅಸಲಿ ಡಬಲ್ ಡೈ ಮೇಡಂ. ನೀವೇ ನೋಡಿ. ಅಂಕಿ ಎರಡೂ ಗುಂಡಗೆ ಎದ್ದಿವೆ, ಎರಡೂ ತುಂಬಿಕೊಂಡಿವೆ. ಅಕ್ಷರದ ಮೂಲೇಲಿ ಸೀಳು ಕಾಣುತ್ತಾ? ಹಾವಿನ ನಾಲಿಗೆ ಥರ? ಅಲ್ಲೇ ಗೊತ್ತಾಗೋದು. ಲಕ್ಷ್ಮಯ್ಯನವರು ಇಷ್ಟು ದಿನ ಹೇಳಿದ್ದು ಸುಳ್ಳಲ್ಲ."

ಸೋಮಪ್ಪ ಚೀಲದ ಗಂಟಿನ ಮೇಲೆ ಅರಗು ಕರಗಿಸಿ ಹಿತ್ತಾಳೆಯ ಮೊಹರನ್ನು ಒತ್ತಿದ. ಎತ್ತುವಾಗ ಕೈ ಜಾರಿತು. ಅಕ್ಷರಗಳ ಒಂದು ಪಕ್ಕ ಚಪ್ಪಟೆಯಾಗಿ ಎಳೆದುಕೊಂಡು ಹೋಯಿತು.

"ಇದು ನೋಡಿ ಇನ್ನೊಂದು ಥರ!" ಪರಮಾನಂದರಿಗೆ ಉಪನ್ಯಾಸದ ಹುರುಪು ಬಂತು. "ನಮ್ಮ ಪ್ರೆಸ್ಸಲ್ಲೂ ಹಿಂಗೇ ಆಗೋದು. ಡೈನ ಬೋಲ್ಟ್ ಲೂಸ್ ಇದ್ರೆ, ಹೊಡೆದ ಮೇಲೆ ಡೈ ಒಂಚೂರು ಜಾರುತ್ತೆ. ಆಗಷ್ಟೇ ಎದ್ದ ಅಕ್ಷರದ ಅಂಚನ್ನ ತಳ್ಳಿಬಿಡುತ್ತೆ. ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು. ಜೋಡಿ ಥರಾನೇ ಕಾಣುತ್ತೆ, ಆದರೆ ಬೆಲೆ ಸೊನ್ನೆ."

"ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

"ಇಲ್ಲಿ ಮೊಹರು ಸರಿ ಇದೆ, ಒತ್ತಿದ ಕೈ ಜಾರಿದೆ. ಜಾರಿದರೆ ಅಕ್ಷರ ಸವೆದು ತೆಳ್ಳಗಾಗುತ್ತೆ. ಡಬಲ್ ಡೈ ಅಂದ್ರೆ ಮೊಹರು ಕೆತ್ತಿದವನೇ ಎರಡು ಸಲ ಕೆತ್ತಿದಂಗೆ. ಕೈ ಎಷ್ಟೇ ಗಟ್ಟಿ ಇರಲಿ, ಒತ್ತಿದಷ್ಟು ಸಲಾನೂ ಎರಡು ಬರ್ತವೆ, ಎರಡೂ ಪೂರ್ತಿ. ಅಕ್ಷರ ದಪ್ಪ ಆಗುತ್ತೆ. ಇನ್ನು ನಿಮ್ಮ ಮೊಹರು ಸವೆದು ಹೋಗಿದ್ರೆ ಮುನಿಯಣ್ಣನ ಪೈಸೆ ಥರ ಮಂಜು."

"ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಒಂದು ಥರ ಇನ್ನೊಂದು ಥರ ಆಗುತ್ತಾ?"

ಪರಮಾನಂದ ನಕ್ಕರು. "ಬಣ್ಣ ಹೋಗುತ್ತೆ ಮೇಡಂ. ಹುಟ್ಟಿದ್ದು ಹೋಗಲ್ಲ."

ಭಾಗ್ಯಶ್ರೀ ಸ್ವಲ್ಪ ಹೊತ್ತು ಅರಗನ್ನು ನೋಡುತ್ತಾ ನಿಂತಳು. ಆಮೇಲೆ ಮೆಟ್ಟಿಲಿಗೆ ಹೋಗಿ ಮಹಾದೇವಿಯ ಪಕ್ಕ ಕೂತಳು.

"ಜೋಡಿ ಅಂದ್ಯಲ್ಲ. ಏನದು, ಹೇಳವಾ," ಅಂದಳು. ಎಷ್ಟೋ ದಿನಗಳ ಮೇಲೆ ಊರಿನ ಮಾತು ತಾನಾಗಿ ಬಂತು.

ಮಹಾದೇವಿ ತಲೆ ಎತ್ತಲಿಲ್ಲ. "ನಮ್ಮತ್ತಿ ಚನ್ನಕ್ಕ ಸಂತ್ಯಾಗ ಬಳಿ ಮಾರತಿದ್ಲ್ರಿ. ಆಗಿನ ಕಾಲದಾಗ ಕೈಗೆ ಬಂದ ಪೈಸೆದಾಗ ಎರಡು ಕುದುರಿ ಕಂಡಂಗ ಇದ್ರ ಅದನ್ನ ತಗದಿಡತಿದ್ಲು. ಜೋಡಿ ಪೈಸೆ ಕಲಶದಾಗ ಇದ್ರ ಗಂಡಹೆಂಡ್ತಿ ಜೋಡಿ ಇರ್ತಾರ ಅಂತ. ಎರಡು ಸಿಕ್ಕಿದ್ದೂವು. ನನ್ನ ಮದಿವ್ಯಾಗ ನನಗ ಕೊಟ್ಲು. ಇಲ್ಲಿ ಬಂದ ಹೊಸದಾಗ ಮಾಲಕರು ನೋಡಿದ್ರು. ಒಂದು ಕೊಡು ಅಂದ್ರು. ಮನಿ ಕೊಟ್ಟವರು, ಇಲ್ಲ ಅನ್ನೂದು ಹೆಂಗ್ರಿ? ಎರಡೂ ನೋಡಿ, ಭಾಳ ಎದ್ದು ಕಾಣೂದು ಅವರು ತಗೊಂಡ್ರು. ಸಣ್ಣಗ ಕಾಣೂದು ನನಗ ಬಿಟ್ರು."

ಭಾಗ್ಯಶ್ರೀ ಎದ್ದಳು.

"ಪರಮಾನಂದ ಅವರೇ, ಲಕ್ಷ್ಮಯ್ಯನವರ ಪೈಸೆಯ ಫೋಟೊ ಎಲ್ಲಾದ್ರೂ ಇದೆಯಾ? ಇವತ್ತಿಗಿಂತ ಮುಂಚಿಂದು?"

"ನಮ್ಮ ಕೂಟದ ಪತ್ರಿಕೇಲಿ ಹಾಕಿದ್ವಿ. ಅಂಚೆಚೀಟಿ ಗಾತ್ರ. ಮೂಲ ಫೋಟೊ ನನ್ನ ಆಫೀಸಿನ ಕಂಪ್ಯೂಟರಲ್ಲಿದೆ."

"ನಡೀರಿ."

* * *

ಟೂಲ್ ರೂಮಿಗೆ ಭಾನುವಾರವೂ ರಜೆ ಇರಲಿಲ್ಲ. ಪ್ರೆಸ್ಸು ಬಿದ್ದಾಗಲೆಲ್ಲ ಆಫೀಸಿನ ಗಾಜು ನಡುಗುತ್ತಿತ್ತು. ಪರಮಾನಂದ ಫೋಟೊ ತೆರೆದು ಅಂಕಿಯ ಭಾಗವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಆಮೇಲೆ ಅವರ ಕೈ ನಿಂತುಬಿಟ್ಟಿತು.

ಕಂದು ಬಣ್ಣದ ಐದು ಮತ್ತು ಮೂರು ಪರದೆಯ ತುಂಬ ನಿಂತಿದ್ದವು. ಅಂಕಿಗಳು ತೆಳ್ಳಗೆ. ಪ್ರತಿಯೊಂದರ ಎಡಕ್ಕೂ ಒಂದು ಚಪ್ಪಟೆ ಮೆಟ್ಟಿಲು, ತಳ್ಳಿ ಒರೆಸಿದ ಹಾಗೆ. ಮೂಲೆಯಲ್ಲಿ ಸೀಳು ಇರಲಿಲ್ಲ.

"ಜಾರಿದ ಡೈ," ಅಂದಳು ಭಾಗ್ಯಶ್ರೀ.

"ಹೌದು ಮೇಡಂ."

"ಇಷ್ಟು ದಿನ ನೀವು ಇದನ್ನ ದೊಡ್ಡದು ಮಾಡಿ ನೋಡಿರಲಿಲ್ವಾ?"

ಪರಮಾನಂದರ ಉಪನ್ಯಾಸ ಮುಗಿದಿತ್ತು. "ಅವರ ಮನೇಲೇ ಮೀಟಿಂಗು. ಅವರದೇ ಉಪ್ಪಿಟ್ಟು. ಅವರ ಪೈಸೆ ಮೇಲೆ ಅನುಮಾನ ಪಡೋಕಾಗುತ್ತಾ ಅಂತ... ನೋಡಲೇ ಇಲ್ಲ. ನಾಲ್ಕು ಜನಕ್ಕೆ ಪಾಠ ಹೇಳ್ತೀನಿ, ನಾಚಿಕೆ ಆಗ್ಬೇಕು ನನಗೆ."

"ನೀವು ಮೂರು ಥರ ವಿವರಿಸಿದ್ದು ಹೋದ ತಿಂಗಳು ಅಲ್ವಾ? ಲಕ್ಷ್ಮಯ್ಯನವರು ಕೇಳಿದ್ರಾ?"

"ಮುಂದಿನ ಕುರ್ಚೀಲೇ ಕೂತಿದ್ರು. ಅವತ್ತು ಅವರು ಉಪ್ಪಿಟ್ಟು ಮುಟ್ಟಲಿಲ್ಲ. ಸಕ್ಕರೆ ಕಾಯಿಲೆ ಜಾಸ್ತಿ ಆಗಿರಬೇಕು ಅಂದ್ಕೊಂಡೆ."

* * *

ಕೂಟದವರು ಹಾಲಿನಲ್ಲಿ ಊಟ ಮುಗಿಸಿ ಎಲೆಅಡಿಕೆ ಮೆಲ್ಲುತ್ತಿದ್ದರು. ಕಳುವಾದದ್ದು ಸಿಕ್ಕಿತ್ತು, ಕಳ್ಳಿಯೂ ಸಿಕ್ಕಿದ್ದಳು. ಭಾಗ್ಯಶ್ರೀ ಮಹಾದೇವಿಯನ್ನೂ ಮೇಲಕ್ಕೆ ಕರೆಸಿದಳು. ಮುನಿಯಣ್ಣ ಕಾಲು ಚಾಚಿಕೊಂಡು ಕೂತಿದ್ದವರು ಸರಿದು ಕೂತರು.

"ಲಕ್ಷ್ಮಯ್ಯನವರೇ, ಇವಳ ಕಲಶದಲ್ಲಿ ಸಿಕ್ಕಿದ್ದು ನಿಮ್ಮದೇನಾ? ಇನ್ನೊಂದು ಸಲ ಕೇಳ್ತಿದೀನಿ."

"ನಂದೇ ಅಂದೆನಲ್ಲಮ್ಮ."

"ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದ್ರಿ. ಏನು ಕಂಡಿತು?"

"ಜೋಡಿ."

"ಯಾವ ಥರ ಜೋಡಿ?"

ಭಾಗ್ಯಶ್ರೀ ಪರಮಾನಂದರಿಂದ ಎರಡು ದೊಡ್ಡ ಹಾಳೆ ಇಸಿದುಕೊಂಡು ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಕೂಟದ ಹಳೆಯ ಫೋಟೊ. ಇನ್ನೊಂದು, ಮೊಹರು ಹಾಕುವ ಮುಂಚೆ ಕಲಶದ ಪೈಸೆಯನ್ನು ಸೂಕ್ಷ್ಮದರ್ಶಕಕ್ಕೆ ಮೊಬೈಲ್ ಹಿಡಿದು ಪರಮಾನಂದ ತೆಗೆದುಕೊಂಡಿದ್ದ ಚಿತ್ರ.

"ಇದು ನಿಮ್ಮ ಡಬ್ಬಿಯಲ್ಲಿದ್ದದ್ದು. ಅಂಕಿ ತೆಳ್ಳಗಿದೆ, ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು. ಪ್ರೆಸ್ಸಿನಲ್ಲಿ ಡೈ ಜಾರಿದ್ದು. ಇದು ಮಹಾದೇವಿಯ ಕಲಶದ್ದು. ಅಂಕಿ ದಪ್ಪ, ಎರಡೂ ಗುಂಡಗೆ, ಮೂಲೇಲಿ ಸೀಳು. ಡೈ ಮಾಡುವಾಗಲೇ ಆದದ್ದು. ಹುಣಸೆಹಣ್ಣು ತಿಕ್ಕಿದ್ರೆ ಬಣ್ಣ ಬದಲಾಗುತ್ತೆ, ಇದು ಬದಲಾಗಲ್ಲ. ಎರಡೂ ಬೇರೆ ಬೇರೆ ಪೈಸೆ. ಇವಳು ನಿಮ್ಮದನ್ನ ಕದ್ದಿಲ್ಲ."

ಎಲೆಅಡಿಕೆ ಮೆಲ್ಲುವ ಸದ್ದು ನಿಂತಿತು.

"ಅಂಗಾದ್ರೆ ಇವರು ತಪ್ಪು ತಿಳ್ಕೊಂಡಿರಬೇಕು," ಅಂದರು ಮುನಿಯಣ್ಣ.

"ನೀವು ಹೇಳಿದ್ರೆ ತಪ್ಪು ಅನ್ನಬಹುದು, ನಿದ್ದೆ ಮಾಡ್ತಿದ್ರಿ. ಇವರು ಮುಂದಿನ ಕುರ್ಚೀಲಿ ಕೂತು ಪಾಠ ಕೇಳಿದ್ದಾರೆ. ಕೇಳಿದ ದಿನವೇ ನೀವೆಲ್ಲ ಹೋದ ಮೇಲೆ ತಮ್ಮ ಪೈಸೆ ನೋಡಿದ್ದಾರೆ. ತಮ್ಮದು ಜಾರಿದ ಡೈ ಅಂತ ಅವತ್ತೇ ಗೊತ್ತಾಗಿದೆ. ಅಲ್ವಾ ಕೃಷ್ಣಮ್ಮನವರೇ? ಆಮೇಲೆ ಅವರು ಆ ಡಬ್ಬಿ ತೆಗೆದದ್ದು ನೋಡಿದ್ರಾ?"

ಕೃಷ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ದಿನಾ ಒರೆಸೋರು. ಒಂದು ತಿಂಗಳಿಂದ ಅದರ ಕಡೆ ತಿರುಗೇ ನೋಡಿಲ್ಲ ಕಣಮ್ಮ."

"ಇವತ್ತು ಸೂಕ್ಷ್ಮದರ್ಶಕ ಬರುತ್ತೆ. ಬಂದರೆ ಎಲ್ಲರಿಗೂ ಗೊತ್ತಾಗುತ್ತೆ. ಪೈಸೆ ಕಾಣೆಯಾದ್ರೆ ಯಾರಿಗೂ ಗೊತ್ತಾಗಲ್ಲ. ಪೊಲೀಸು ಬೇಡ ಅಂತ ಅಂದದ್ದೂ ಅದಕ್ಕೇ. ಕಳ್ಳನೇ ಇಲ್ಲದ ಕಳವು ಇದು."

ಅವಳು ಟ್ರೇಯ ಹತ್ತಿರ ಹೋದಳು.

"ಇಷ್ಟು ಆಸೆಯಿಂದ ಇಟ್ಟುಕೊಂಡದ್ದನ್ನ ಯಾರೂ ಮೋರಿಗೆ ಎಸೆಯಲ್ಲ. ಇಲ್ಲಿ ನೋಡಿ. ಕುದುರೆಗಳನ್ನೆಲ್ಲ ಒಂದೇ ಕಡೆ ಮುಖ ಮಾಡಿ ಜೋಡಿಸಿದ ಕೈ ಇದು. ಆ ಕೈ ಒಂದನ್ನ ಮಾತ್ರ ಮಗುಚಿ ಇಡಬೇಕಾದ್ರೆ ಕಾರಣ ಬೇಕು. ಜೋಡಿ ಇರೋದು ಕುದುರೆಯ ಕಡೆ ಮಾತ್ರ."

ಸಿಂಹ ತೋರಿಸುತ್ತಿದ್ದ ಪೈಸೆಯನ್ನು ಉಗುರಿನಿಂದ ಎಬ್ಬಿಸಿ ತಿರುವಿದಳು. ಕಂದು ಬಣ್ಣ. 1953. ಅಂಕಿಗಳ ಪಕ್ಕ ಚಪ್ಪಟೆ ಮೆಟ್ಟಿಲು.

ಲಕ್ಷ್ಮಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಯಾರ ಮ್ಯಾಲೂ ಆಕಬೇಕು ಅಂತ ಇರಲಿಲ್ಲ ತಾಯಿ," ಅಂದರು. "ಕಳದೋಯ್ತು ಅಂದ್ರೆ ಮುಗೀತದೆ ಅಂದ್ಕೊಂಡಿದ್ದೆ. ಅಪ್ಪನ ಪೆಟ್ಟಿಗೆ ಅಂತ ಏಳಿದ್ದೆ, ಡಬಲ್ ಡೈ ಅಂತ ಏಳಿದ್ದೆ. ಇಷ್ಟು ಜನದ ಮುಂದೆ ಅದೆಲ್ಲ ಸುಳ್ಳು ಅಂತ ಎಂಗೆ ಏಳಲಿ?"

"ಸರಿ. ಕಲಶದಲ್ಲಿ ಪೈಸೆ ಸಿಕ್ಕಾಗ ಅದು ಇವಳದು ಅಂತ ನಿಮಗೆ ಗೊತ್ತಿತ್ತು. ಆಗ?"

ಲಕ್ಷ್ಮಯ್ಯ ಕಲಶದ ಪೈಸೆಯ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕನ್ನಡಿ ಇಟ್ಟು ನೋಡ್ದೆ. ನಾನು ಬುಟ್ಟು ಬಂದಿದ್ದೇ ಅಸಲಿ. ಎರಡು ಮುಂದೆ ಇಟ್ಟು ಆರಿಸ್ಕೋ ಅಂದಾಗ ಕೆಟ್ಟದ್ದನ್ನ ಆರಿಸ್ಕೊಂಡಿದ್ದೆ. ಈಗ ನಂದು ಅಂತ ಒಂದು ಮಾತು ಅಂದ್ರೆ ನಾನು ಏಳಿದ್ದೆಲ್ಲ ನಿಜ ಆಗೋಯ್ತದೆ ಅನ್ನುಸ್ತು. ಆ ಒಂದು ಗಳಿಗೆ ಈ ಎಣ್ಣುಮಗಳು ಅಲ್ಲಿ ನಿಂತವಳೆ ಅನ್ನೋದೇ ಕಾಣಲಿಲ್ಲ."

"ಆ ಗಳಿಗೆ ಆದಮೇಲೆ?"

"ಕಾಣ್ತು. ಬಾಯಿ ಬರಲಿಲ್ಲ."

ಕೃಷ್ಣಮ್ಮ ಗಂಡನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಕದ ಹಾಕಿಕೊಂಡರು. ಪರಮಾನಂದ ಸೂಕ್ಷ್ಮದರ್ಶಕವನ್ನು ಚೀಲಕ್ಕೆ ತುಂಬಿದರು. ಮುನಿಯಣ್ಣ ಮಹಾದೇವಿಗೆ ಏನೋ ಹೇಳಲು ಎದ್ದವರು, ಹೇಳಲಾಗದೆ ಚಪ್ಪಲಿ ಹುಡುಕತೊಡಗಿದರು.

* * *

ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಕ್ರಮ ಆಗುತ್ತದೆ ಎಂದು ಲಕ್ಷ್ಮಯ್ಯನವರಿಗೆ ಹೇಳಿ ಭಾಗ್ಯಶ್ರೀ ಕೆಳಗಿಳಿದಳು. ಮೊಹರು ಒಡೆದು ತೆಗೆದ ಪೈಸೆ, ಟ್ರೇಯ ಪೈಸೆ, ಎರಡೂ ಅವಳ ಕೈಯಲ್ಲಿದ್ದವು. ಹಿಂದೆ ಸೋಮಪ್ಪ.

ಮಹಾದೇವಿ ಆಗಲೇ ನೆಲ ಒರೆಸುತ್ತಿದ್ದಳು. ಬಟ್ಟೆಯನ್ನು ಬಕೆಟ್ಟಿಗೆ ಹಿಂಡಲಿಲ್ಲ. ಹೊರಗೆ ತಂದು ತುಳಸಿಯ ಡಬ್ಬಕ್ಕೆ ಹಿಂಡಿದಳು. ಆ ನೀರು ಕಾಲಿಗೆ ಸಿಗಬಾರದು.

ಭಾಗ್ಯಶ್ರೀ ಬೂಟಿನ ದಾರ ಬಿಚ್ಚಿದಳು. ಬರಿಗಾಲಲ್ಲಿ ಹೊಸ್ತಿಲ ಹತ್ತಿರ ಬಂದಳು.

"ಜೋಡಿ ತಂದೀನವಾ. ಕಲಶದಾಗಿನದಕ್ಕ ಭಾಳ ಬೆಲೆ ಅದ ಅಂತ, ಪರಮಾನಂದ ಅವರು ಹೇಳ್ಯಾರ. ಮಾರೂದಾದ್ರ ಅವರಽ ಗಿರಾಕಿ ನೋಡಿ ಕೊಡ್ತಾರಂತ."

"ಅಲ್ಲಿ ಇಡ್ರಿ," ಅಂದಳು ಮಹಾದೇವಿ, ಹೊಸ್ತಿಲ ಹೊರಗಿನ ಕಲ್ಲು ತೋರಿಸಿ. "ತೊಳದು ಒಳಗ ಒಯ್ತೀನಿ."

"ನಾನು ಒಳಗ ಬಂದು ಒಂಚೂರು ಕೈ..."

"ಬ್ಯಾಡ್ರಿ ಮೇಡಂ. ನೀವು ಅಲ್ಲೇ ನಿಂದರ್ರಿ. ಆಗಳೆ ಅಲ್ಲೇ ನಿಂತಿದ್ರಲ್ಲ."

ಬೈಗುಳದ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೆ. ಭಾಗ್ಯಶ್ರೀ ಅಲ್ಲೇ ನಿಂತಳು.

ಗೇಟು ಕಿರ್ರೆಂದಿತು. ಸಿಮೆಂಟಿನ ಧೂಳು ಹತ್ತಿದ ಚೀಲ ಹೆಗಲಿಗೆ ಹಾಕಿಕೊಂಡು ರೇವಣಸಿದ್ದ ಬಂದ. ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ. ಜೀಪು ನೋಡಿದ. ಖಾಕಿ ನೋಡಿದ. ಬಾಗಿಲುಗಳಲ್ಲಿ ನಿಂತಿದ್ದ ಜನ ಒಬ್ಬೊಬ್ಬರಾಗಿ ಒಳಗೆ ಸರಿದರು.

"ಏನಾತು? ಪೊಲೀಸ್ರು ಯಾಕ ಬಂದಾರ?"

ಮಹಾದೇವಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಲಕ್ಷ್ಮಯ್ಯ ಮಹಡಿಯ ಕಟಕಟೆ ಹಿಡಿದು ನಿಂತಿದ್ದರು. ಸೋಮಪ್ಪ ಟೋಪಿ ತೆಗೆದು ಕೈಯಲ್ಲಿ ತಿರುವುತ್ತಿದ್ದ. ಇವರಲ್ಲಿ ಯಾರ ಹೆಸರು ಹೇಳಿದರೂ ಅವಳ ಮಾತು ನಿಜವೇ ಆಗುತ್ತಿತ್ತು.

"ಏನಿಲ್ಲ," ಅಂದಳು. "ಮಾಲಕರದು ಏನೋ ಕಳದಿತ್ತಂತ. ಸಿಕ್ತು. ಕೈಕಾಲು ತೊಕ್ಕೊಂಡು ಬರ್ರಿ, ರೊಟ್ಟಿ ಆರಿ ಹೋಗ್ಯಾವ."

ರೇವಣಸಿದ್ದನ ಮುಖ ಹಗುರಾಯಿತು. ಚೀಲ ಇಳಿಸಿದ. ಬರಿಗಾಲಲ್ಲಿ ನಿಂತಿದ್ದ ಸಬ್‌ಇನ್‌ಸ್ಪೆಕ್ಟರಿಗೆ ಎರಡೂ ಕೈ ಜೋಡಿಸಿದ.

"ಮೇಡಂ ಅವರು ನಮ್ಮ ಕಡ್ಯಾವರ ಕಾಣ್ತೀರಿ. ಬೂಟು ಬಿಚ್ಚಿ ನಿಂತೀರಿ ನೋಡ್ರಿ, ಅಲ್ಲೇ ಗೊತ್ತಾತು. ಹೊರಗ ಯಾಕ ನಿಂತೀರಿ? ಒಳಗ ಬರ್ರಿ, ಒಂದು ರೊಟ್ಟಿ ತಿಂದು ಹೋಗ್ರಿ."

ಭಾಗ್ಯಶ್ರೀ ಬಗ್ಗಿ ಬೂಟು ಹಾಕಿಕೊಳ್ಳತೊಡಗಿದಳು. ದಾರ ಕಟ್ಟಿ ಮುಗಿದ ಮೇಲೂ ಬಹಳ ಹೊತ್ತು ತಲೆ ಎತ್ತಲಿಲ್ಲ.